ಮಿಷನ್ ವಧುಗಳು

ಮಿಷನ್ ವಧುಗಳು: 1815ರಲ್ಲಿ ಸ್ವಿಟ್ಸರ್ಲೆಂಡಿನ ಬಾಸೆಲ್ ನಗರದಲ್ಲಿ ಸ್ಥಾಪಿತವಾದ ಬಾಸೆಲ್ ಮಿಷನ್ನಿನ ಪಾದ್ರಿಗಳನ್ನು ವರಿಸುವುದಕ್ಕಾಗಿ, ಅನೇಕ ವೇಳೆ ವರನ ಮುಖಪರಿಚಯವೂ ಇಲ್ಲದೆ, ಹತ್ತೊಂಬತ್ತನೆಯ ಶತಮಾನದಲ್ಲಿ ಸಮುದ್ರವನ್ನು ದಾಟಿ ಬಂದ ತರುಣಿಯರಿಗೆ ಸಲ್ಲುವ ಹೆಸರು. ಇವರಲ್ಲಿ ಬಹುಮಂದಿ ದಕ್ಷಿಣ ಜರ್ಮನಿಯ ವುರ್ಟೆಂಬರ್ಗ್ ಪ್ರಾಂತದ ಭಕ್ತಿನಿಷ್ಠ ಪ್ರಾಟೆಸ್ಟೆಂಟ್ ಕುಟುಂಬಗಳಲ್ಲಿ ಹುಟ್ಟಿದವರು.

ಪದ್ಧತಿ: ಪಾದ್ರಿಯು ಅವಿವಾಹಿತನಾಗಿಯೇ ಹೊರದೇಶಕ್ಕೆ ತೆರಳಿ, ಸಾಮಾನ್ಯವಾಗಿ ಎರಡು ವರ್ಷಗಳ ಸೇವೆಯ ತರುವಾಯ, ಬಾಸೆಲಿನ ಆಡಳಿತ ಸಮಿತಿಯಲ್ಲಿ ವಿವಾಹಾನುಮತಿಯನ್ನು ಬೇಡುತ್ತಿದ್ದನು. ಸಮಿತಿಯು ಕನ್ಯೆಯ ಶೀಲ, ಆರೋಗ್ಯ, ದೈವಭಕ್ತಿಗಳನ್ನು ವಿಚಾರಿಸಿ ಸಮ್ಮತಿಸಿದ ಮೇಲೆಯೇ ವಿವಾಹವು ನಿಶ್ಚಯವಾಗುತ್ತಿತ್ತು. 1869ರಲ್ಲಿ ಸೂಯೆಜ್ ಕಾಲುವೆಯು ತೆರೆಯುವುದಕ್ಕೆ ಮುಂಚೆ ಆಫ್ರಿಕವನ್ನು ಬಳಸಿ ಭಾರತಕ್ಕೆ ಬರುವ ಹಡಗಿನ ಪಯಣವೇ ತಿಂಗಳುಗಟ್ಟಲೆ ಹಿಡಿಯುತ್ತಿತ್ತು. ಸಂಸ್ಥೆಯ ಕಣ್ಣಿಗೆ ವಧುವು ಮೊದಲಿಗೆ ಪತಿಯ ಸಹಾಯಕಿಯಷ್ಟೆ. ಆದರೆ ದೇವರೇ ತನ್ನನ್ನು ಹೆಸರು ಹಿಡಿದು ಕರೆದನೆಂಬ ನಂಬಿಕೆಯಿಂದ ಒಪ್ಪಿದವಳಿಗೆ ಆ ನಿರ್ಧಾರವೇ ತನ್ನ ಬೆಲೆಯನ್ನು ತಾನು ಅರಿತುಕೊಂಡ ಘಳಿಗೆಯೂ ಆಗಿರುತ್ತಿತ್ತು.

ಕನ್ನಡ ನಾಡಿನಲ್ಲಿ: ಮಂಗಳೂರು (1834), ಧಾರವಾಡ (1837), ಹುಬ್ಬಳ್ಳಿ (1839), ಬೆಟಗೇರಿ (1841) ಇವುಗಳ ಬಳಿಕ, ಖಣದ ನೇಯ್ಗೆಗೆ ಹೆಸರಾದ ಗುಳೇದಗುಡ್ಡದಲ್ಲಿ 1851ರಲ್ಲಿ ಮಿಷನ್ನಿನ ಠಾಣೆಯು ಏರ್ಪಟ್ಟಿತು. ಇಂಥ ಠಾಣೆಗಳಲ್ಲಿ ಹೆಣ್ಣುಮಕ್ಕಳ ಶಾಲೆ, ಹೊಲಿಗೆಯ ಪಾಠ, ರೋಗಿಗಳ ಶುಶ್ರೂಷೆ, ಮನೆಮನೆಯ ಸ್ತ್ರೀಯರೊಡನೆ ಸಂಭಾಷಣೆ ಇವೆಲ್ಲವೂ ಪಾದ್ರಿಯ ಪತ್ನಿಯ ಪಾಲಿಗೆ ಬರುತ್ತಿದ್ದುದರಿಂದ, ಕನ್ನಡವನ್ನು ಕಲಿಯುವುದು ಆಕೆಗೆ ಅನಿವಾರ್ಯವಾಗಿತ್ತು. ಆಕೆಯ ಅತ್ಯಂತ ಕಠಿನವಾದ ತ್ಯಾಗವು ಮಾತೃತ್ವಕ್ಕೆ ಸಂಬಂಧಿಸಿದುದು: ಎಳೆಯ ಮಕ್ಕಳನ್ನು ವಿದ್ಯಾಭ್ಯಾಸಕ್ಕಾಗಿ ಯುರೋಪಿಗೆ ಕಳುಹಿಸಬೇಕಾಗುತ್ತಿತ್ತು; ಅಂಥವರಿಗಾಗಿಯೇ 1853ರಲ್ಲಿ ಬಾಸೆಲಿನಲ್ಲಿ ಮಕ್ಕಳ ಮನೆಯೊಂದು ಸ್ಥಾಪಿತವಾಯಿತು.

ಪ್ರಸಿದ್ಧ ದಾಂಪತ್ಯಗಳು: ಕನ್ನಡ ನಿಘಂಟುಕಾರನಾದ ಫರ್ಡಿನೆಂಡ್ ಕಿಟ್ಟೆಲನು 1860ರಲ್ಲಿ ಪೌಲೀನ್ ಐತ್ ಎಂಬಾಕೆಯನ್ನು ವರಿಸಿದನು; 1864ರಲ್ಲಿ ಆಕೆ ತೀರಿಕೊಂಡ ತರುವಾಯ ಆಕೆಯ ಸೋದರಿ ಜೂಲಿಯು 1867ರಲ್ಲಿ ಅವನ ಕೈಹಿಡಿದಳು. 1844ರಲ್ಲಿ ದೀಕ್ಷಾಸ್ನಾನವನ್ನು ಪಡೆದು, ಬಾಸೆಲಿನಲ್ಲಿ ವ್ಯಾಸಂಗ ಮಾಡಿ ಪಾದ್ರಿಯಾದ ಸಾರಸ್ವತ ಬ್ರಾಹ್ಮಣ ಹೆರ್ಮನ್ ಆನಂದರಾವ್ ಕೌಂಡಿನ್ಯನನ್ನು ಜರ್ಮನಿಯ ಮಾರಿ ರೈನ್‌ಹಾರ್ಟ್ 1860ರಲ್ಲಿ ವರಿಸಿದುದು, ವರ್ಣಭೇದವು ಪ್ರಬಲವಾಗಿದ್ದ ಆ ಕಾಲದಲ್ಲಿ ಉಭಯರ ಧೈರ್ಯಕ್ಕೂ ಸಾಕ್ಷಿಯಾದ ವಿರಳ ಪ್ರಸಂಗ.

ಸಾಹಿತ್ಯಕ ಮಹತ್ತ್ವ: ಡಾಗ್‌ಮಾರ್ ಕೊನ್ರಾಡ್ ಎಂಬ ಜರ್ಮನ್ ವಿದುಷಿಯು ಈ ಸ್ತ್ರೀಯರ ಪತ್ರ, ದಿನಚರಿಗಳನ್ನು ಆಧರಿಸಿ 2001ರಲ್ಲಿ ಸಂಶೋಧನ ಗ್ರಂಥವೊಂದನ್ನು ಪ್ರಕಟಿಸಿದಳು. ಪಾಶ್ಚಾತ್ಯ ದೇಶಗಳಲ್ಲಿ ತರುಣ ವಾಚಕರಿಗಾಗಿ ಹೊರಡುವ ಕ್ರೈಸ್ತ ಐತಿಹಾಸಿಕ ಪ್ರಣಯ ಕಾದಂಬರಿಗಳಲ್ಲಿ ಅನೇಕವು, ಪ್ರಿಯನ ಮೆಚ್ಚುಗೆಯಿಂದಲ್ಲ, ದೇವರ ಪ್ರೀತಿಯಿಂದಲೇ ಕನ್ಯೆಯ ಬೆಲೆಯು ನಿಶ್ಚಿತವಾಗುವುದೆಂಬ ತತ್ತ್ವವನ್ನು ಕಲ್ಪಿತ ನಾಯಕಿಯರ ಮೂಲಕ ನಿರೂಪಿಸುತ್ತವೆ. ಅದೇ ತತ್ತ್ವವನ್ನು ಬೆಟಗೇರಿ, ಗುಳೇದಗುಡ್ಡಗಳಂಥ ಊರುಗಳ ಬಿಸಿಲಿನಲ್ಲಿ ಬದುಕಿ ತೋರಿಸಿದ ಈ ಸ್ತ್ರೀಯರ ಚರಿತ್ರೆಯು, ಅವರ ಭಕ್ತಿಯನ್ನೂ ಅವರು ತೆತ್ತ ಬೆಲೆಯನ್ನೂ ಸಮನಾಗಿ ಕಾಣಬಲ್ಲ ಕನ್ನಡ ಲೇಖಕನಿಗೆ ಯೋಗ್ಯವಾದ ಕಥಾವಸ್ತು.