ವಾಕರ್ ಎಂಬ ಕುಲನಾಮ

ಇಂಗ್ಲೆಂಡಿನ ಅತಿ ಪ್ರಚಲಿತ ಕುಲನಾಮಗಳಲ್ಲೊಂದಾದ ವಾಕರ್ ಎಂಬುದು, ಮೇಲ್ನೋಟಕ್ಕೆ ತೋರುವಂತೆ ದಾರಿ ನಡೆವ ಪಥಿಕನದಲ್ಲ. ಮಗ್ಗದಿಂದಿಳಿದ ಉಣ್ಣೆಯ ಬಟ್ಟೆಯನ್ನು ನೀರು, ಜೇಡಿಮಣ್ಣು ಹಾಗೂ ಹಳಸಿದ ಮೂತ್ರ ಬೆರೆತ ತೊಟ್ಟಿಯಲ್ಲಿ ನೆನೆಯಿಸಿ, ಜಿಡ್ಡು ಕಳೆದು ನೇಯ್ಗೆ ಒತ್ತಾಗುವವರೆಗೆ ಬರಿಗಾಲಿನಿಂದ ತುಳಿಯುತ್ತಿದ್ದ ಶ್ರಮಜೀವಿಯದು. 12ನೆಯ ಶತಮಾನದಿಂದೀಚೆಗೆ ಜಲಚಕ್ರದಿಂದ ಚಲಿಸುವ ಮರದ ಕೊಡತಿಗಳು ಕಾಲಿನ ಈ ಕಾಯಕವನ್ನು ಕ್ರಮೇಣ ವಹಿಸಿಕೊಂಡುವಾದರೂ, ಆ ವೃತ್ತಿಸೂಚಕ ನಾಮಧೇಯವು ಅಳಿಯದೆ, ಮಧ್ಯಯುಗದ ಉತ್ತರಾರ್ಧದಲ್ಲಿ ತಂದೆಯಿಂದ ಮಗನಿಗೆ ಸಲ್ಲುವ ವಂಶನಾಮವಾಗಿ ನೆಲೆಗೊಂಡಿತು. ಇದೇ ಕಸುಬಿನವರು ಆಗ್ನೇಯ ಪ್ರಾಂತಗಳಲ್ಲಿ ಫುಲ್ಲರ್ ಎಂದೂ, ಡೆವನ್ ಮೊದಲಾದ ನೈಋತ್ಯ ಸೀಮೆಗಳಲ್ಲಿ ಟಕರ್ ಎಂದೂ ಕರೆಯಲ್ಪಟ್ಟರೆ, ಯಾರ್ಕ್‌ಶೈರ್, ಲ್ಯಾಂಕಶೈರ್‌ಗಳ ಉಣ್ಣೆಯ ನಾಡಿನಲ್ಲಿ ವಾಕರ್ ಎಂಬುದೇ ರೂಢಿಯಾಯಿತು. ಈ ಮೂರರಲ್ಲಿ ಇಂದಿಗೂ ಇಂಗ್ಲೆಂಡಿನಲ್ಲಿ ಹೆಚ್ಚು ಜನ ಧರಿಸಿರುವುದು ವಾಕರ್ ನಾಮವನ್ನೇ. ದೇಶವೊಂದರ ಉದ್ಯಮಚರಿತ್ರೆಯನ್ನು ಅರಿಯಬಯಸುವವರು ಅಲ್ಲಿನ ಜನಸಾಮಾನ್ಯರ ಕುಲನಾಮಗಳನ್ನು ಕಡೆಗಣಿಸಲಾಗದು.