ಹಂಡೆಯಿಂದ ಮೀಟರಿನವರೆಗೆ

‘ಹೊಳೆಯ ನೀರಿಗೆ ದೊಣ್ಣೆನಾಯಕನ ಅಪ್ಪಣೆಯೇಕೆ?’ ಎಂಬ ಗಾದೆಯನ್ನು ಕೇಳದ ಕನ್ನಡಿಗರು ವಿರಳ. ನೀರು ಯಾರ ಸ್ವತ್ತೂ ಅಲ್ಲ, ಅದಕ್ಕೆ ಬೆಲೆಯೆಂಬುದಿಲ್ಲ ಎಂಬ ಭರವಸೆ ಆ ಮಾತಿನ ಹಿಂದಿದೆ. ದುಂದುಗಾರನೊಬ್ಬನನ್ನು ಕುರಿತು ‘ಹಣವನ್ನು ನೀರಿನಂತೆ ಖರ್ಚುಮಾಡುತ್ತಾನೆ’ ಎನ್ನುವಾಗಲೂ ನಾವು ಅದೇ ಭರವಸೆಯಿಂದಲೇ ಮಾತನಾಡುತ್ತೇವೆ. ಆದರೆ ಶ್ರೋತೃಗಳೇ, ಇಂದು ಪಟ್ಟಣದ ಗೃಹಸ್ಥನ ಮನೆಗೆ ತಿಂಗಳು ತಿಂಗಳೂ ಎರಡು ಲೆಕ್ಕದ ಚೀಟಿಗಳು ಬರುತ್ತವೆ. ಒಂದು ನೀರಿನದು, ಇನ್ನೊಂದು ವಿದ್ಯುತ್ತಿನದು. ದೊಣ್ಣೆನಾಯಕನು ಬಂದೇಬಿಟ್ಟಿದ್ದಾನೆ. ಅವನ ಕೈಯಲ್ಲಿ ದೊಣ್ಣೆಗೆ ಬದಲಾಗಿ ಮೀಟರು ಇದೆ, ಅಷ್ಟೆ.

ಈ ಚೀಟಿಗಳನ್ನು ಕಂಡಾಗಲೆಲ್ಲ ನಮ್ಮ ಪೀಳಿಗೆಯ ಹಿರಿಯರು ‘ನಮ್ಮ ಕಾಲದಲ್ಲಿ ಹೀಗಿರಲಿಲ್ಲ’ ಎಂದು ನಿಟ್ಟುಸಿರುಬಿಡುವುದುಂಟು. ನಿಜವಾಗಿ ಹೇಗಿತ್ತು? ಹಿಂದಿನವರ ಮಿತವ್ಯಯವು ಅವರ ಸದ್ಗುಣದ ಫಲವೆ, ಅಥವಾ ಅವರ ಮನೆಯ ರಚನೆಯೇ ಅವರನ್ನು ಹಾಗೆ ನಡೆಸುತ್ತಿದ್ದಿತೆ? ಈ ಪ್ರಶ್ನೆಗೆ ಉತ್ತರವನ್ನು ಹುಡುಕಲು ನಾನು ನಿಮ್ಮನ್ನು ಅರಮನೆಗಾಗಲಿ ಗುಡಿಗಾಗಲಿ ಕರೆದೊಯ್ಯುವುದಿಲ್ಲ, ಬಚ್ಚಲುಮನೆಗೆ ಕರೆದೊಯ್ಯುತ್ತೇನೆ. ಮನೆಯೊಳಗೆ ನೀರೂ ಬೆಂಕಿಯೂ ದಿನದಿನವೂ ದೊಡ್ಡ ಪ್ರಮಾಣದಲ್ಲಿ ಕೂಡುವ ಸ್ಥಳ ಅದು.

ತುಮಕೂರು ಸೀಮೆಯ ನಮ್ಮ ಹಳ್ಳಿಯ ಮನೆಯಲ್ಲಿ, 1960ರ ದಶಕದಲ್ಲಿ, ಬಚ್ಚಲಿನ ಮೂಲೆಯಲ್ಲಿ ಒಲೆಯ ಮೇಲೆ ತಾಮ್ರದ ಹಂಡೆಯೊಂದನ್ನು ಕೂರಿಸಿ ಸುತ್ತಲೂ ಗಾರೆ ಮೆತ್ತಿದ್ದರು. ಹಿತ್ತಿಲಿನ ಬಾವಿಯಿಂದ ರಾಟೆಯ ಮೇಲೆ ಸೇದಿದ ನೀರು ಕೊಡಗಳಲ್ಲಿ ಅಲ್ಲಿಗೆ ಬರಬೇಕು. ಒಲೆಗೆ ಒಳ್ಳೆಯ ಸೌದೆಯನ್ನು ಹಾಕುವ ಪದ್ಧತಿ ಇರಲಿಲ್ಲ. ಅದು ಅಡುಗೆಮನೆಗೆ ಮೀಸಲು. ಹಂಡೆಯ ಒಲೆಗೆ ತೋಟದ ಕಸವೇ ಗತಿ: ಒಣಗಿದ ಗರಿ, ಮಟ್ಟೆ, ಕರಟ, ತೆಂಗಿನ ಸಿಪ್ಪೆ. ಉರಿದು ಉಳಿದ ಬೂದಿಯಿಂದ ಪಾತ್ರೆಗಳು ಬೆಳಗುತ್ತಿದ್ದವು. ಮೈಯಿಂದ ಇಳಿದ ನೀರು ಬಚ್ಚಲಿನ ತೂಬಿನಿಂದ ಹೊರಬಿದ್ದು ಬಾಳೆಯ ಬುಡಕ್ಕೂ ಕೆಸುವಿನ ಮಡಿಗೂ ಸೇರುತ್ತಿದ್ದಿತು. ಅಡುಗೆಮನೆಯಲ್ಲಿ ಅಕ್ಕಿ ತೊಳೆದ ನೀರು ಕಲಗಚ್ಚಾಗಿ ಹಸುವಿನ ಬಾನಿಗೆ ಹೋಗುತ್ತಿದ್ದಿತು. ‘ವ್ಯರ್ಥ’ ಎಂಬ ಮಾತಿಗೆ ಆ ಮನೆಯಲ್ಲಿ ಹೆಚ್ಚು ಕೆಲಸವಿರಲಿಲ್ಲ.

ಆ ಹಂಡೆಗೆ ಸಂಬಂಧಿಸಿದಂತೆ ಮನೆಯಲ್ಲಿ ಒಂದೇ ಒಂದು ಶಾಸನವಿದ್ದಿತು: ‘ತೋಡಿದಷ್ಟು ಸುರಿ.’ ಬಿಸಿನೀರನ್ನು ಎಷ್ಟು ತಂಬಿಗೆ ತೋಡಿಕೊಂಡರೋ ಅಷ್ಟು ತಣ್ಣೀರನ್ನು ಹಂಡೆಗೆ ಸುರಿದು ಹೊರಗೆ ಬರಬೇಕು. ಮುಂದಿನವರ ಸ್ನಾನಕ್ಕೆ ಅದೇ ಆಧಾರ. ಹೆಚ್ಚಾಗಿ ತೋಡಿಕೊಂಡವನು ಹೆಚ್ಚಾಗಿ ಸೇದಬೇಕಾಗುತ್ತಿದ್ದುದರಿಂದ ಅವನ ದುಂದಿನ ಲೆಕ್ಕವು ಅವನ ರಟ್ಟೆಗೇ ತಿಳಿಯುತ್ತಿದ್ದಿತು. ದೀಪಾವಳಿಯಲ್ಲಿ ನರಕಚತುರ್ದಶಿಯ ಹಿಂದಿನ ಸಂಜೆಯನ್ನು ನಾವು ‘ನೀರು ತುಂಬುವ ಹಬ್ಬ’ವೆಂದು ಕರೆಯುತ್ತೇವೆ. ಹಂಡೆಯನ್ನು ಹುಳಿ ಹಚ್ಚಿ ಬೆಳಗಿ, ಸುಣ್ಣ ಕೆಮ್ಮಣ್ಣುಗಳಿಂದ ಸಿಂಗರಿಸಿ, ಹೊಸ ನೀರು ತುಂಬಿ ಪೂಜಿಸುವ ದಿನ ಅದು. ಬಚ್ಚಲಿನ ಪಾತ್ರೆಯೊಂದಕ್ಕೆ ಒಂದು ಹಬ್ಬವನ್ನೇ ಮೀಸಲಿಟ್ಟಿರುವ ಜನ ನಾವು ಎಂಬುದನ್ನು ನೆನೆದಾಗ ನನಗೆ ಈಗಲೂ ಸಂತೋಷವಾಗುತ್ತದೆ.

ಈ ದೃಷ್ಟಿ ನಮ್ಮ ಸಾಹಿತ್ಯಕ್ಕೂ ಹೊಸದಲ್ಲ. 1025ರ ಸುಮಾರಿಗೆ ಎರಡನೆಯ ಚಾವುಂಡರಾಯನು ರಚಿಸಿದ ‘ಲೋಕೋಪಕಾರ’ದಲ್ಲಿ ನೆಲದೊಳಗಿನ ನೀರನ್ನು ಗುರುತಿಸುವ ವಿದ್ಯೆ, ಗಿಡಮರಗಳನ್ನು ಬೆಳೆಸುವ ವಿದ್ಯೆ, ಅಡುಗೆಯ ವಿದ್ಯೆ ಎಲ್ಲವೂ ಒಂದೇ ಹೊತ್ತಗೆಯಲ್ಲಿ ಸೇರಿವೆ. ಸಂಸಾರ ನಡೆಸುವವನಿಗೆ ನೀರು ಎಲ್ಲಿಂದ ಬರುತ್ತದೆ ಎಂಬುದು ಅನ್ನ ಬೇಯಿಸುವಷ್ಟೇ ಅವಶ್ಯವಾದ ತಿಳಿವಳಿಕೆಯೆಂದು ಸಾವಿರ ವರ್ಷದ ಹಿಂದಿನ ಆ ಕನ್ನಡ ಲೇಖಕನು ಭಾವಿಸಿದ್ದನು.

ಇಷ್ಟನ್ನೇ ಹೇಳಿ ನಿಲ್ಲಿಸಿದರೆ ನಾನು ಚರಿತ್ರೆಗೆ ಅಪಚಾರಮಾಡಿದಂತಾಗುತ್ತದೆ. ‘ತೋಡಿದಷ್ಟು ಸುರಿ’ ಎಂಬ ಶಾಸನ ಎಲ್ಲರಿಗೂ ಇದ್ದರೂ, ಬೆಳಗಿನ ಜಾವದಲ್ಲಿ ಎದ್ದು ಮೊದಲ ಹಂಡೆ ನೀರನ್ನು ಸೇದಿ ತುಂಬುತ್ತಿದ್ದವರು ನಮ್ಮ ತಾಯಿ. ಒದ್ದೆಗರಿಯ ಹೊಗೆಯ ಮುಂದೆ ಕುಳಿತು ಊದುಗೊಳವೆಯಿಂದ ಊದುತ್ತಿದ್ದವರೂ ಅವರೇ. ಅವರ ಕೆಮ್ಮನ್ನು ನಾವು ಮಕ್ಕಳು ಬೆಳಗಿನ ಇತರ ಸದ್ದುಗಳ ಹಾಗೆ, ರಾಟೆಯ ಕಿರುಗುಟ್ಟುವಿಕೆಯ ಹಾಗೆ, ಕೇಳಿಕೊಂಡು ಮಲಗಿರುತ್ತಿದ್ದೆವು. ಅದು ಕಾಯಿಲೆಯೆಂದು ನಮಗೆ ಹೊಳೆದದ್ದು ಬಹಳ ತಡವಾಗಿ. ಊರಿನ ಇನ್ನೊಂದು ತುದಿಯಲ್ಲಿ, ಊರಬಾವಿಯ ಹಗ್ಗವನ್ನು ಮುಟ್ಟಲು ಅಪ್ಪಣೆಯಿಲ್ಲದ ಜನರೂ ಇದ್ದರು. ಅವರು ಯಾರಾದರೂ ಸೇದಿ ಹೊಯ್ಯುವವರೆಗೆ ಕೊಡ ಹಿಡಿದು ಕಾಯಬೇಕಾಗಿತ್ತು. ಹೊಳೆಯ ನೀರಿಗೆ ದೊಣ್ಣೆನಾಯಕನಿಲ್ಲವೆಂಬ ಗಾದೆಯನ್ನು ಅವರು ಯಾವ ಭಾವದಿಂದ ಕೇಳುತ್ತಿದ್ದರೋ! ಅವರು ನೀರನ್ನು ಮಿತವಾಗಿ ಬಳಸುತ್ತಿದ್ದುದನ್ನು ಮಿತವ್ಯಯವೆಂದು ಕರೆಯುವ ಧೈರ್ಯ ನನಗಿಲ್ಲ. ಆದ್ದರಿಂದ ಹಳೆಯ ಮನೆಗೆ ಹಿಂದಿರುಗೋಣವೆಂಬ ಕರೆಯನ್ನು ನಾನು ಕೊಡಲಾರೆ. ಆ ಮನೆಯಿಂದ ಯಾವುದನ್ನು ತರಬೇಕು, ಯಾವುದನ್ನು ಬಿಡಬೇಕು ಎಂಬುದಷ್ಟೇ ನನ್ನ ಪ್ರಶ್ನೆ.

ಇನ್ನು ಪಟ್ಟಣಕ್ಕೆ ಬರೋಣ. ಬೆಂಗಳೂರನ್ನೇ ನಿದರ್ಶನವಾಗಿ ತೆಗೆದುಕೊಳ್ಳುವೆ. ಕೆರೆ ಬಾವಿಗಳನ್ನು ನಂಬಿದ್ದ ಈ ಊರಿಗೆ ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕದಲ್ಲಿ, ಶೇಷಾದ್ರಿ ಅಯ್ಯರ್ ಅವರು ದಿವಾನರಾಗಿದ್ದಾಗ, ಅರ್ಕಾವತಿಯ ಹೆಸರಘಟ್ಟದಿಂದ ಕೊಳವೆಯ ನೀರು ಬಂದಿತು. ಅದು ಸಾಲದಾದಾಗ 1933ರಲ್ಲಿ ಅದೇ ನದಿಯ ತಿಪ್ಪಗೊಂಡನಹಳ್ಳಿಯ ಜಲಾಶಯ ಸಿದ್ಧವಾಯಿತು. ಇದರ ನಡುವೆ ಇನ್ನೊಂದು ಅದ್ಭುತ ನಡೆದಿತ್ತು. 1902ರಲ್ಲಿ ಶಿವನಸಮುದ್ರದಲ್ಲಿ ಉತ್ಪಾದಿಸಿದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗಳಿಗೆ ಹರಿಯಿತು. 1905ರಲ್ಲಿ ಬೆಂಗಳೂರಿನ ಬೀದಿದೀಪಗಳು ಅದರಿಂದ ಬೆಳಗಿದವು. 1974ರಲ್ಲಿ ಕಾವೇರಿ ಯೋಜನೆಯ ಮೊದಲ ಹಂತ ಮುಗಿದಾಗ ಅದೇ ಶಿವನಸಮುದ್ರದ ಆಸುಪಾಸಿನಿಂದ ನದಿಯ ನೀರೇ ಹೊರಟು ಬಂದಿತು. ಕಾವೇರಿಯು ಈ ನಗರಕ್ಕೆ ಮೊದಲು ಬೆಳಕಾಗಿ ಬಂದಳು, ಸುಮಾರು ಎಪ್ಪತ್ತು ವರ್ಷಗಳ ಅನಂತರ ನೀರಾಗಿ ಬಂದಳು.

ನದಿಯ ನೀರು ತಾನಾಗಿ ಇಳಿಯುತ್ತದೆಯೇ ಹೊರತು ಏರುವುದಿಲ್ಲ. ಸುಮಾರು 100 ಕಿಲೋಮೀಟರು ದೂರದಿಂದ, ಸುಮಾರು 500 ಮೀಟರು ಎತ್ತರಕ್ಕೆ ಅದನ್ನು ಪಂಪುಗಳು ಹಂತಹಂತವಾಗಿ ಎತ್ತಬೇಕು. ಶಾಲೆಯಲ್ಲಿ ಕಲಿತ ಭೌತಶಾಸ್ತ್ರದಿಂದಲೇ ಲೆಕ್ಕ ಹಾಕಬಹುದು: ಒಂದು ಸಾವಿರ ಲೀಟರು ನೀರನ್ನು ಅಷ್ಟು ಎತ್ತರಕ್ಕೆ ಏರಿಸಲು, ಪಂಪಿನಲ್ಲಿ ಎಳ್ಳಷ್ಟೂ ನಷ್ಟವಾಗದಿದ್ದರೂ, ಸುಮಾರು 1.36 ಯೂನಿಟ್ ವಿದ್ಯುತ್ತು ಬೇಕು. ನಷ್ಟವನ್ನು ಸೇರಿಸಿದರೆ ಇನ್ನೂ ಹೆಚ್ಚು. ನಮ್ಮ ತಾಯಿ ಇಪ್ಪತ್ತು ಮೊಳದ ಬಾವಿಯಿಂದ ಸೇದುತ್ತಿದ್ದ ನೀರನ್ನು ಈಗ 500 ಮೀಟರಿನ ಆಳದಿಂದ ಯಾರೋ ಸೇದಿಕೊಡುತ್ತಿದ್ದಾರೆ. ವ್ಯತ್ಯಾಸವೆಂದರೆ ಆ ಶ್ರಮ ನಮ್ಮ ಕಣ್ಣಿಗೆ ಬೀಳುವುದಿಲ್ಲ. ಆದ್ದರಿಂದ ನಲ್ಲಿಯ ನೀರನ್ನು ಉಳಿಸಿದವನು ವಿದ್ಯುತ್ತನ್ನೂ ಉಳಿಸಿದಂತೆಯೇ.

ಕಾವೇರಿ ಬಂದ ಆ 1974ನೆಯ ಇಸವಿಯಲ್ಲೇ ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ ಇನ್ನೊಂದು ಕೆಲಸ ಆರಂಭವಾಯಿತು. ವಿದ್ಯುದ್ರಸಾಯನಶಾಸ್ತ್ರದ ವಿದ್ವಾಂಸರಾದ ಅಮೂಲ್ಯ ರೆಡ್ಡಿಯವರು ಗ್ರಾಮಗಳಿಗೆ ವಿಜ್ಞಾನವನ್ನು ಅನ್ವಯಿಸುವ ‘ಅಸ್ತ್ರ’ ಎಂಬ ಘಟಕವನ್ನು ಸ್ಥಾಪಿಸಿದರು. ಅವರೂ ಸಂಗಡಿಗರೂ ಕುಣಿಗಲ್ ತಾಲ್ಲೂಕಿನ ಪುರ ಎಂಬ ಸಣ್ಣ ಹಳ್ಳಿಯಲ್ಲಿ ಮನೆಮನೆಗೆ ಹೋಗಿ, ಎಷ್ಟು ಸೌದೆ ಉರಿಯುತ್ತದೆ, ಅದನ್ನು ಯಾರು ತರುತ್ತಾರೆ, ನೀರನ್ನು ಯಾರು ಹೊರುತ್ತಾರೆ ಎಂದು ಅಳೆದು ಬರೆದುಕೊಂಡರು. ಹಳ್ಳಿಯ ಶಕ್ತಿಯ ಬಹುಭಾಗ ಬರುವುದು ಸೌದೆಯಿಂದ, ಅದು ಮುಖ್ಯವಾಗಿ ಉರಿಯುವುದು ಮನೆಯ ಒಲೆಯಲ್ಲಿ, ಅದಕ್ಕಾಗಿ ದುಡಿಯುವವರಲ್ಲಿ ಹೆಂಗಸರೂ ಮಕ್ಕಳೂ ಮುಂದು ಎಂಬುದು ಅಂಕಿಗಳಲ್ಲಿ ಮೂಡಿತು. ನಮ್ಮ ತಾಯಿಯ ಬೆಳಗುಗಳನ್ನು ಮೊತ್ತಮೊದಲು ಲೆಕ್ಕಕ್ಕೆ ತೆಗೆದುಕೊಂಡವರು ಈ ವಿಜ್ಞಾನಿಗಳು ಎಂದು ನಾನು ಭಾವಿಸುತ್ತೇನೆ. ಆ ಘಟಕದಿಂದ ಬಂದ ‘ಅಸ್ತ್ರ ಒಲೆ’ 1980ರ ದಶಕದಲ್ಲಿ ಕರ್ನಾಟಕದ ಹಳ್ಳಿಗಳಲ್ಲಿ ಹರಡಿತು. ಅದರ ಗುಟ್ಟು ಸರಳ: ಬೆಂಕಿಯ ಗೂಡನ್ನು ಮುಚ್ಚಿ, ಕೆಳಗಿನ ಜಾಲರಿಯಿಂದ ಗಾಳಿ ಬಿಟ್ಟು, ಬಿಸಿಹೊಗೆಯನ್ನು ಎರಡನೆಯ ಮೂರನೆಯ ಪಾತ್ರೆಗಳ ತಳ ಸವರಿಸಿ, ಕೊನೆಗೆ ಹೊಗೆಗೂಡಿನಿಂದ ಹೊರಗೆ ಕಳುಹಿಸುವುದು. ಸೌದೆಯೂ ಉಳಿಯಿತು, ಮನೆಯೊಳಗಿನ ಹೊಗೆಯೂ ತಗ್ಗಿತು. ಉಳಿತಾಯವೂ ಸೌಖ್ಯವೂ ಪರಸ್ಪರ ವಿರೋಧಿಗಳೆಂಬ ನಮ್ಮ ಹಳೆಯ ತಿಳಿವಳಿಕೆಯನ್ನು ಆ ಒಲೆ ಸುಳ್ಳುಮಾಡಿತು.

ನಾಡಿನ ವಿದ್ಯುತ್ತಿನ ವಿಚಾರದಲ್ಲಿಯೂ ರೆಡ್ಡಿಯವರ ವಾದ ಇದೇ ಆಗಿದ್ದಿತು. ಜನರಿಗೆ ಬೇಕಾಗಿರುವುದು ಬೆಳಕು, ಬಿಸಿನೀರು. ಅವನ್ನು ಕಡಿಮೆ ಶಕ್ತಿಯಿಂದ ಒದಗಿಸುವ ದಾರಿಯನ್ನು ಮೊದಲು ನೋಡಿ, ಅನಂತರ ಹೊಸ ವಿದ್ಯುದಾಗಾರದ ಮಾತನ್ನಾಡಿ ಎಂದು ಅವರು ಹೇಳುತ್ತಿದ್ದರು. ಈ ಮಾತಿನ ಬೆಲೆ ನನಗೆ ತಿಳಿದದ್ದು ನಿವೃತ್ತನಾದ ಮೇಲೆ, ಪಿಂಚಣಿಯ ಹಣದಲ್ಲಿ ಮನೆಯ ವೆಚ್ಚವನ್ನು ತೂಗಿಸಲು ಕುಳಿತಾಗ. ಕೋಣೆಯಿಂದ ಕೋಣೆಗೆ ಹೋಗಿ ದೀಪ ಆರಿಸುವುದೇ ದೊಡ್ಡ ಉಳಿತಾಯವೆಂದು ನಾನು ತಿಳಿದಿದ್ದೆ. ಲೆಕ್ಕ ಹಾಕಿದಾಗ ನಗು ಬಂದಿತು. 20 ಲೀಟರಿನ ಒಂದು ಬಕೆಟ್ ನೀರಿನ ಉಷ್ಣತೆಯನ್ನು 25 ಡಿಗ್ರಿಯಷ್ಟು ಏರಿಸಲು ಸುಮಾರು 0.58 ಯೂನಿಟ್ ಬೇಕು. ಅಷ್ಟೇ ವಿದ್ಯುತ್ತಿನಲ್ಲಿ 9 ವ್ಯಾಟಿನ ಎಲ್‌ಇಡಿ ದೀಪವೊಂದು 64 ಗಂಟೆಗಳ ಕಾಲ ಉರಿಯುತ್ತದೆ! ಮನೆಯಲ್ಲಿ ಹಣ ಹರಿದುಹೋಗುತ್ತಿದ್ದುದು ಮತ್ತೆ ಅದೇ ಬಚ್ಚಲುಮನೆಯಿಂದ. ಹಂಡೆಯ ಜಾಗದಲ್ಲಿ ಗೀಸರ್ ಬಂದಿತ್ತು. ‘ತೋಡಿದಷ್ಟು ಸುರಿ’ ಎಂದು ಹೇಳಲು ಅದಕ್ಕೆ ಬಾಯಿಲ್ಲ. ನಿಮಿಷಕ್ಕೆ ಎಂಟು ಹತ್ತು ಲೀಟರ್ ಸುರಿಸುವ ಷವರಿನ ಕೆಳಗೆ ಹತ್ತು ನಿಮಿಷ ನಿಂತವನು ನಾಲ್ಕೈದು ಬಕೆಟ್ಟಿನ ಸ್ನಾನಮಾಡಿ, ತಾನು ಒಂದೇ ಸ್ನಾನಮಾಡಿದೆನೆಂದುಕೊಂಡು ಹೊರಗೆ ಬರುತ್ತಾನೆ.

ಅನಂತರ ನಾವು ಮಾಡಿದ್ದು ಸಾಮಾನ್ಯವಾದ ಕೆಲಸಗಳನ್ನೇ. ಮಾಳಿಗೆಯ ಮೇಲೆ ಸೌರ ಜಲತಾಪಕವನ್ನು ಹಾಕಿಸಿದೆವು. ಮೋಡ ಕವಿದ ದಿನಗಳಲ್ಲಿ ಮಾತ್ರ ಗೀಸರನ್ನು, ಅದೂ ಸ್ನಾನಕ್ಕೆ ಸ್ವಲ್ಪ ಮುಂಚೆ, ಹಾಕುತ್ತೇವೆ. ಷವರಿಗೆ ಬದಲು ಬಕೆಟ್ಟೂ ಚೊಂಬೂ ಮರಳಿ ಬಂದವು. ಒಂದು ರಾತ್ರಿ ತೊಟ್ಟಿಕ್ಕುವ ನಲ್ಲಿಯ ಕೆಳಗೆ ಪಾತ್ರೆಯಿಟ್ಟು ಮಲಗಿದೆ. ಬೆಳಿಗ್ಗೆ ನೋಡಿದರೆ ತುಂಬಿ ಹೊರಚೆಲ್ಲಿದ್ದಿತು. ಹತ್ತಾರು ರೂಪಾಯಿಯ ವಾಷರ್ ಒಂದನ್ನು ಬದಲಿಸಲು ನಾನು ತಿಂಗಳುಗಟ್ಟಲೆ ಆಲಸ್ಯಪಟ್ಟಿದ್ದೆ! ಬಟ್ಟೆ ಒಗೆಯುವ ಯಂತ್ರದ ಕೊನೆಯ ನೀರು ಈಗ ಅಂಗಳ ತೊಳೆಯಲು ಸಾಕಾಗುತ್ತದೆ. ಇವು ಯಾವುವೂ ತ್ಯಾಗಗಳಲ್ಲ. ಇವುಗಳಿಂದ ಯಾರ ಬೆನ್ನೂ ಬಾಗಲಿಲ್ಲ, ಯಾರ ಕಣ್ಣಿಗೂ ಹೊಗೆ ತುಂಬಲಿಲ್ಲ. ತಿಂಗಳ ಕೊನೆಯಲ್ಲಿ ಚೀಟಿಗಳು ಮಾತ್ರ ಹಗುರವಾದವು.

2024ರ ಬೇಸಗೆಯನ್ನು ನೀವು ಮರೆತಿರಲಾರಿರಿ. ಕೊಳವೆಬಾವಿಗಳು ಒಣಗಿ ಬೆಂಗಳೂರು ಟ್ಯಾಂಕರುಗಳ ದಾರಿ ಕಾಯಿತು. ಕುಡಿಯುವ ನೀರಿನಿಂದ ವಾಹನ ತೊಳೆದವರಿಗೆ, ಕೈತೋಟಕ್ಕೆ ಹಾಯಿಸಿದವರಿಗೆ 5,000 ರೂಪಾಯಿಗಳ ದಂಡವೆಂದು ಆ ಮಾರ್ಚಿಯಲ್ಲಿ ಆಜ್ಞೆಯಾಯಿತು. ಕೊಳವೆಬಾವಿಯೆಂಬುದು ನೆಲದೊಳಗಿನ ಹಂಡೆಯಲ್ಲವೆ? ನಾವು ದಶಕಗಳ ಕಾಲ ತೋಡಿದೆವು, ಸುರಿಯಲಿಲ್ಲ. ಸುರಿಯುವ ದಾರಿ ತಿಳಿಯದೆ ಇರಲಿಲ್ಲ. ವಿಜ್ಞಾನಿ ಎ. ಆರ್. ಶಿವಕುಮಾರ್ ಅವರು 1990ರ ದಶಕದಲ್ಲಿಯೇ ಬೆಂಗಳೂರಿನ ವಿಜಯನಗರದಲ್ಲಿ ಮಳೆನೀರನ್ನು ನೆಚ್ಚಿ ಬಾಳುವ ಮನೆಯೊಂದನ್ನು ಕಟ್ಟಿ ತೋರಿಸಿದ್ದರು. 2009ರಲ್ಲಿ ಮಳೆನೀರಿನ ಸಂಗ್ರಹವನ್ನು ನಗರದಲ್ಲಿ ಕಾನೂನೇ ಕಡ್ಡಾಯಮಾಡಿತು. ಒಂದು ಚದರಮೀಟರಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ಒಂದು ಸಾವಿರ ಚದರಡಿಯ ಮಾಳಿಗೆಯ ಮೇಲೆ ವರ್ಷಕ್ಕೆ 900 ಮಿಲಿಮೀಟರ್ ಸುರಿದರೆ ಸುಮಾರು 83,000 ಲೀಟರ್. ಐದರಲ್ಲೊಂದು ಪಾಲು ಪೋಲಾದರೂ, ತಲೆಗೆ ದಿನಕ್ಕೆ 135 ಲೀಟರಿನಂತೆ, ನಾಲ್ವರ ಸಂಸಾರಕ್ಕೆ ನಾಲ್ಕು ತಿಂಗಳ ನೀರು. ಅದನ್ನು ಚರಂಡಿಗೆ ಬಿಟ್ಟು ಟ್ಯಾಂಕರಿನವನಿಗೆ ಹಣ ಕೊಡುವುದು ಯಾವ ಸಂಸಾರ ನೀತಿ?

2023ರಲ್ಲಿ ಬಂದ ಗೃಹಜ್ಯೋತಿ ಯೋಜನೆಯಿಂದ ವಿದ್ಯುತ್ತಿನ ಚೀಟಿಯು ಅನೇಕ ಮನೆಗಳಲ್ಲಿ ಸೊನ್ನೆಯಾಯಿತು. ಬಡವರ ಮನೆಗೆ ಅದೊಂದು ಆಸರೆ. ಆದರೆ ಅಲ್ಲಿಯೂ ಹಿಂದಿನ ಬಳಕೆಯ ಸರಾಸರಿಗೆ ನೂರಕ್ಕೆ ಹತ್ತನ್ನು ಸೇರಿಸಿ, 200 ಯೂನಿಟ್ಟಿನೊಳಗೆ ಒಂದು ಮೇರೆಯನ್ನು ಇಟ್ಟಿದ್ದರು. ಹಣ ಕೊಡದವನಿಗೂ ಅಳತೆ ತಪ್ಪಲಿಲ್ಲ.

ನಮ್ಮ ಶರಣರ ಕಥೆಗಳಲ್ಲಿ ಆಯ್ದಕ್ಕಿ ಲಕ್ಕಮ್ಮನದೊಂದಿದೆ. ಗಂಡ ಮಾರಯ್ಯನು ಆಯ್ದು ತಂದ ಅಕ್ಕಿ ಎಂದಿಗಿಂತ ಹೆಚ್ಚಾಗಿರುವುದನ್ನು ಕಂಡು, ಮಿಕ್ಕದ್ದನ್ನು ಅಲ್ಲಿಯೇ ಸುರಿದು ಬನ್ನಿರೆಂದು ಆಕೆ ಅವನನ್ನು ಹಿಂದಕ್ಕೆ ಕಳುಹಿಸಿದಳು. ಆಕೆಗೆ ಅದು ಸಾಧ್ಯವಾದದ್ದು ದಿನದ ಅಕ್ಕಿ ಎಷ್ಟೆಂಬುದು ಕೈಗೆ ಗೊತ್ತಿದ್ದುದರಿಂದ. ನಮ್ಮ ಕೈಗಳು ಆ ತಿಳಿವನ್ನು ಕಳೆದುಕೊಂಡಿವೆ; ಅದನ್ನು ಈಗ ಕಣ್ಣಿನಿಂದ ಮರಳಿ ಪಡೆಯಬೇಕಾಗಿದೆ.

ಅದಕ್ಕಾಗಿ ನಾನು ಒಂದು ಸಣ್ಣ ಅಭ್ಯಾಸವನ್ನು ಇಟ್ಟುಕೊಂಡಿದ್ದೇನೆ. ಪ್ರತಿ ಭಾನುವಾರ ಬೆಳಿಗ್ಗೆ ನೀರಿನ ಮೀಟರನ್ನೂ ವಿದ್ಯುತ್ತಿನ ಮೀಟರನ್ನೂ ಓದಿ, ಗೋಡೆಯ ಕ್ಯಾಲೆಂಡರಿನಲ್ಲಿ ಆ ತಾರೀಖಿನ ಕೆಳಗೆ ಎರಡು ಅಂಕಿಗಳನ್ನು ಬರೆಯುತ್ತೇನೆ. ಅಂಕಿ ಏರಿದ ವಾರ ಮನೆಯಲ್ಲಿ ಯಾರೂ ಯಾರನ್ನೂ ಗದರುವುದಿಲ್ಲ. ಏಕೆ ಏರಿತೆಂದು ಹುಡುಕುತ್ತೇವೆ. ಊರಿನಿಂದ ತಂದ ತಾಮ್ರದ ಹಂಡೆ ಬಹಳ ವರ್ಷ ನಡುಮನೆಯಲ್ಲಿ ಅಲಂಕಾರಕ್ಕೆ ಕುಳಿತಿದ್ದಿತು. 2024ರ ಆ ಬೇಸಗೆಯಲ್ಲಿ ಅದನ್ನು ಹುಳಿ ಹಚ್ಚಿ ಬೆಳಗಿ ಬಚ್ಚಲುಮನೆಗೆ ಇಳಿಸಿದೆವು. ಈಗಲೂ ಅದು ಅಲ್ಲಿಯೇ ಇದೆ. ಅದರಿಂದ ನೀರು ತೋಡಿಕೊಂಡ ಮೊಮ್ಮಗಳು, ಯಾರೂ ಹೇಳದಿದ್ದರೂ, ಅಷ್ಟೇ ನೀರನ್ನು ಅದಕ್ಕೆ ಸುರಿದು ಹೊರಗೆ ಬರುತ್ತಾಳೆ.

(ಬಾನುಲಿ ಭಾಷಣ)