ಹೊಸ್ತಿಲು ದಾಟಿದ ಢಾಕಾದ ಹೆಣ್ಣುಮಕ್ಕಳು

ಮರ್ಯಾದಸ್ಥ ಮನೆತನದ ಹೆಣ್ಣು ಹೊಲಕ್ಕೂ ಸಂತೆಗೂ ಹೋಗಬಾರದೆಂಬುದು ಬಾಂಗ್ಲಾದೇಶದ ಗ್ರಾಮಗಳಲ್ಲಿ ಬಹುಕಾಲ ನಡೆದುಬಂದ ಕಟ್ಟಳೆ. 1971ರ ಯುದ್ಧ ಹಾಗೂ 1974ರ ಕ್ಷಾಮ ಅದನ್ನು ಅಲುಗಾಡಿಸಿದವು. ದುಡಿಯುವ ಗಂಡಸೇ ಇಲ್ಲದಾಗ, ಇದ್ದರೂ ಅವನ ಕೈ ಬರಿದಾದಾಗ, ಪರ್ದಾ ಹೊಟ್ಟೆ ತುಂಬಿಸುವುದಿಲ್ಲವಷ್ಟೆ.

ಅದೇ ದಶಕದಲ್ಲಿ ಶ್ರೀಮಂತ ರಾಷ್ಟ್ರಗಳು ದಕ್ಷಿಣ ಕೊರಿಯದ ಉಡುಪುಗಳ ಆಮದಿಗೆ ಮಿತಿ ಹೇರಿದ್ದವು. ಅಂತಹ ಮಿತಿಯಿಲ್ಲದ ದೇಶವೊಂದನ್ನು ಅರಸುತ್ತಿದ್ದ ಕೊರಿಯದ ದೇವೂ ಕಂಪನಿಯು, ನೂರುಲ್ ಖಾದರ್ ಅವರ ‘ದೇಶ್ ಗಾರ್ಮೆಂಟ್ಸ್’ನೊಡನೆ ಕೈಜೋಡಿಸಿ, 1979ರಲ್ಲಿ ಬಾಂಗ್ಲಾದೇಶದ 130 ಮಂದಿಗೆ ಬೂಸಾನ್‌ನಲ್ಲಿ ತರಬೇತಿ ನೀಡಿತು. ಅವರಲ್ಲಿ ಅನೇಕರು ಮುಂದೆ ತಮ್ಮದೇ ಕಾರ್ಖಾನೆಗಳನ್ನು ತೆರೆದರು. ಹಳ್ಳಿಯ ಹೆಣ್ಣುಮಕ್ಕಳು ಲಕ್ಷೋಪಲಕ್ಷವಾಗಿ ಢಾಕಾ, ಚಿತ್ತಗಾಂಗ್ ನಗರಗಳನ್ನು ಸೇರಿದರು. ಮಾಲೀಕರು ಅವರಲ್ಲಿ ಕಂಡದ್ದು ಅಗ್ಗದ ಕೂಲಿ ಮತ್ತು ವಿಧೇಯತೆಯನ್ನು. ಸ್ತ್ರೀಯರ ಉದ್ಧಾರದ ಚಿಂತೆ ಅವರನ್ನು ಕಾಡಿತ್ತೆಂದು ನನಗನ್ನಿಸುವುದಿಲ್ಲ.

ಇದನ್ನು ಒಂದು ಧರ್ಮದ ಕಥೆಯೆಂದು ಓದುವವರು ನೈಲಾ ಕಬೀರ್ ಎಂಬ ಅರ್ಥಶಾಸ್ತ್ರಜ್ಞೆ 2000ದಲ್ಲಿ ಪ್ರಕಟಿಸಿದ ಅಧ್ಯಯನವನ್ನು ಗಮನಿಸಬೇಕು. ಢಾಕಾದ ಹೆಣ್ಣುಮಕ್ಕಳು ಬೀದಿ ದಾಟಿ ಕಾರ್ಖಾನೆಗೆ ಹೋಗುತ್ತಿದ್ದಾಗ, ಲಂಡನ್ನಿನಲ್ಲಿ ನೆಲೆಸಿದ್ದ ಬಾಂಗ್ಲಾದೇಶಿ ಮಹಿಳೆಯರು ಮನೆಯೊಳಗೇ ಕುಳಿತು ಬಟ್ಟೆ ಹೊಲಿಯುತ್ತಿದ್ದರು! ಧರ್ಮವೊಂದೇ, ಭಾಷೆಯೊಂದೇ. ಆದರೆ ಲಂಡನ್ನಿನ ಒತ್ತೊತ್ತಾದ ಬಡಾವಣೆಯಲ್ಲಿ ಬಂಧುಬಳಗದ ಕಣ್ಣು ಸದಾ ಎಚ್ಚರವಾಗಿತ್ತು, ಹೊರಗೆ ವರ್ಣದ್ವೇಷದ ಭಯವೂ ಇತ್ತು. ಢಾಕಾದವರಾದರೋ ನಿಜವಾದ ಪರ್ದಾ ಮನಸ್ಸಿನಲ್ಲಿದೆ, ನಡತೆಯಲ್ಲಿದೆ ಎಂದು ಹೇಳಿಕೊಂಡು ಹೊಸ್ತಿಲು ದಾಟಿದರು. ಕಟ್ಟಳೆಯನ್ನು ಮುರಿದೆವೆಂದು ಸಾರದೆ, ಅದರ ಅರ್ಥವನ್ನೇ ಹಿಗ್ಗಿಸಿದ ಅವರ ಜಾಣ್ಮೆಗೆ ಯಾವ ದೇವಶಾಸ್ತ್ರಜ್ಞನಾದರೂ ತಲೆದೂಗಬೇಕು.

ಸಂಘರ್ಷ ಮಾತ್ರ ತಪ್ಪಲಿಲ್ಲ. 2013ರ ಏಪ್ರಿಲ್ 6ರಂದು ಹಿಫಾಜತ್-ಎ-ಇಸ್ಲಾಂ ಸಂಘಟನೆಯು ಢಾಕಾದಲ್ಲಿ ಬೃಹತ್ ಸಭೆ ನಡೆಸಿ 13 ಬೇಡಿಕೆಗಳನ್ನು ಮಂಡಿಸಿತು. ಸಾರ್ವಜನಿಕ ಸ್ಥಳಗಳಲ್ಲಿ ಸ್ತ್ರೀಪುರುಷರು ಬೆರೆಯಬಾರದೆಂಬುದು ಅವುಗಳಲ್ಲೊಂದು. ಹದಿನೆಂಟೇ ದಿನಗಳ ನಂತರ ಸಾವರ್‌ನ ರಾಣಾ ಪ್ಲಾಜಾ ಕುಸಿಯಿತು. ಹಿಂದಿನ ದಿನವೇ ಗೋಡೆಗಳು ಬಿರುಕು ಬಿಟ್ಟಿದ್ದರೂ ಕಾರ್ಮಿಕರನ್ನು ಒಳಗೆ ಕಳುಹಿಸಲಾಗಿತ್ತು. 1,130ಕ್ಕೂ ಹೆಚ್ಚು ಮಂದಿ ಸತ್ತರು, ಬಹುಪಾಲು ಸ್ತ್ರೀಯರು. ಮೇ 1ರಂದು, ಕಾರ್ಮಿಕ ಸಂತ ಜೋಸೆಫರ ಹಬ್ಬದ ದಿನ, ಅಂದಿನ ಜಗದ್ಗುರು ಪೋಪ್ ಫ್ರಾನ್ಸಿಸ್‌ರವರು ಅವರ ತಿಂಗಳ 38 ಯೂರೋ ವೇತನವನ್ನು ಗುಲಾಮಗಿರಿಯೆಂದೇ ಕರೆದರು.

ಒಂದು ಕಡೆ ಮನೆಗೆ ಮರಳೆನ್ನುವವರು, ಇನ್ನೊಂದು ಕಡೆ ಬಿರುಕುಬಿಟ್ಟ ಕಟ್ಟಡದೊಳಕ್ಕೆ ತಳ್ಳುವವರು. ಆ ಹೆಣ್ಣುಮಕ್ಕಳು ಇಬ್ಬರ ಮಾತನ್ನೂ ಕೇಳದೆ ಬೀದಿಗಿಳಿದರು. 3,000 ಟಾಕಾ ಇದ್ದ ಕನಿಷ್ಠ ವೇತನ 2013ರ ಡಿಸೆಂಬರ್‌ನಲ್ಲಿ 5,300ಕ್ಕೆ, 2023ರ ಡಿಸೆಂಬರ್‌ನಲ್ಲಿ 12,500ಕ್ಕೆ ಏರಿತು. ಅವರು ಕೇಳಿದ್ದು 23,000. ಆ ಕೊನೆಯ ಹೋರಾಟದಲ್ಲಿ ಗಾಜೀಪುರದಲ್ಲಿ ಗುಂಡಿಗೆ ಬಲಿಯಾದವಳು ಎರಡು ಮಕ್ಕಳ ತಾಯಿ. ಹೊಲಿಗೆ ಯಂತ್ರ ನಡೆಸುತ್ತಿದ್ದವಳು.